ದೀರ್ಘಾಯುಷ್ಯದ ಪ್ಯಾಕೇಜ್ ಕೊಳ್ಳುವ ಮುನ್ನ: ನಮ್ಮ ಭಾವನವರಿಗೆ ಆದದ್ದು

ಅರವತ್ತು ದಾಟಿದ ಹಿರಿಯರು ಮನೆಯಲ್ಲಿದ್ದು, ವಯಸ್ಸನ್ನು ಹಿಂದಕ್ಕೆ ತಿರುಗಿಸುವುದಾಗಿ ಹೇಳಿಕೊಳ್ಳುವ ಯಾವುದಾದರೂ ಪ್ಯಾಕೇಜಿಗೆ ಅವರು ಸೇರಿದ್ದರೆ, ಅಥವಾ ಸೇರುವ ಯೋಚನೆಯಲ್ಲಿದ್ದರೆ, ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ಅಕ್ಕನ ಗಂಡ ಅಂಥದೊಂದು ಪ್ಯಾಕೇಜಿಗೆ ಸೇರಿದ ಕೆಲವು ತಿಂಗಳಲ್ಲಿ ರಕ್ತದ ಕ್ಯಾಲ್ಸಿಯಂ ಅಪಾಯದ ಮಟ್ಟಕ್ಕೇರಿ ಆಸ್ಪತ್ರೆ ಸೇರಿದರು. ಅದಕ್ಕೂ ಮೊದಲು, ತಮಗೆ ಇಲ್ಲದೇ ಇದ್ದ ಥೈರಾಯ್ಡ್ ಕಾಯಿಲೆಗೆ ಔಷಧಿ ಶುರು ಮಾಡುವ ಹಂತ ತಲುಪಿದ್ದರು. ಎರಡಕ್ಕೂ ಕಾರಣವಾದವು ವಿಟಮಿನ್ ಡಿ ಮತ್ತು ಬಯೋಟಿನ್ ಎಂಬ ಬಿ ಗುಂಪಿನ ವಿಟಮಿನ್, ಅಂದರೆ ಎಲ್ಲರೂ ನಿರಪಾಯಕಾರಿ ಎಂದೇ ನಂಬಿರುವ ಎರಡು ಪದಾರ್ಥಗಳು. ಮಾರಿದ ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇಂಥ ಸಂಸ್ಥೆಗಳು ಬೇಕಾದಷ್ಟಿವೆ, ಎಲ್ಲರ ವಿಧಾನವೂ ಹೆಚ್ಚುಕಡಿಮೆ ಒಂದೇ.

ಭಾವನವರು ಸುಲಭವಾಗಿ ಮೋಸಹೋಗುವವರಲ್ಲ. ಲೆಕ್ಕಪತ್ರದ ಕೆಲಸದಲ್ಲಿ ಇಡೀ ಜೀವನ ಕಳೆದವರು, ಯಾವುದನ್ನೂ ಓದದೆ ಸಹಿ ಹಾಕುವವರಲ್ಲ. ನಿವೃತ್ತಿಯಾದ ಮೇಲೆ ಆರೋಗ್ಯದ ಬಗ್ಗೆ ಓದತೊಡಗಿದರು, ಉಪನ್ಯಾಸಗಳನ್ನು ಕೇಳತೊಡಗಿದರು, ಕೊನೆಗೆ ‘ಲಾಂಜೆವಿಟಿ ಕೋಚ್’ (ದೀರ್ಘಾಯುಷ್ಯದ ಸಲಹೆಗಾರ) ಒಬ್ಬರ ಮಾರ್ಗದರ್ಶನದ ವಾರ್ಷಿಕ ಯೋಜನೆಗೆ ಹಣ ಕಟ್ಟಿದರು. ಆ ಯೋಜನೆಯಲ್ಲಿ ಬೆಳಿಗ್ಗೆ, ಮಧ್ಯಾಹ್ನ ಮತ್ತು ರಾತ್ರಿ ತೆಗೆದುಕೊಳ್ಳಬೇಕಾದ ಪೂರಕಗಳ ಉದ್ದನೆಯ ಪಟ್ಟಿ, ಐಸ್ ನೀರಿನ ಸ್ನಾನ, ತೋಳಿಗೆ ಅಂಟಿಸಿಕೊಳ್ಳುವ ಗ್ಲೂಕೋಸ್ ಸೆನ್ಸರ್ ಮತ್ತು ‘ಜೈವಿಕ ವಯಸ್ಸಿನ’ ಪರೀಕ್ಷೆ ಎಲ್ಲವೂ ಸೇರಿದ್ದವು. ಅವರಿಗೆ ಮಧುಮೇಹ ಇರಲಿಲ್ಲ. ಆದರೂ ಊಟವಾದ ಮೇಲೆ ಸಕ್ಕರೆಯ ಗೆರೆ ಸಹಜವಾಗಿ ಮೇಲೇರಿದ್ದನ್ನು ಕಂಡು ಗಾಬರಿಯಾಗುತ್ತಿದ್ದರು, ಗಾಬರಿಯಾದಾಗಲೆಲ್ಲ ಪಟ್ಟಿಗೆ ಇನ್ನೊಂದು ಗುಳಿಗೆ ಸೇರುತ್ತಿತ್ತು.

ಕೆಲವು ತಿಂಗಳ ನಂತರ ಅವರಿಗೆ ಹಸಿವು ಇಂಗಿತು, ಮಲಬದ್ಧತೆ ಶುರುವಾಯಿತು, ಎಷ್ಟು ನೀರು ಕುಡಿದರೂ ಬಾಯಾರಿಕೆ ತೀರುತ್ತಿರಲಿಲ್ಲ, ರಾತ್ರಿ ಮತ್ತೆ ಮತ್ತೆ ಮೂತ್ರಕ್ಕೆ ಏಳಬೇಕಾಗುತ್ತಿತ್ತು. ಆಡುತ್ತಿದ್ದ ಮಾತು ನಡುವೆ ತಪ್ಪಿಹೋಗುತ್ತಿದೆ ಎಂದು ಅಕ್ಕ ನನಗೆ ಹೇಳಿದಾಗ ನಾವಿಬ್ಬರೂ ವಯಸ್ಸಿನ ಮರೆವೆಂದೇ ಭಾವಿಸಿದೆವು. ಕೋಚ್‌ಗೆ ತಿಳಿಸಿದಾಗ ಬಂದ ಉತ್ತರ, “ದೇಹ ಹೊಸ ವ್ಯವಸ್ಥೆಗೆ ಹೊಂದಿಕೊಳ್ಳುತ್ತಿದೆ, ನೀರು ಹೆಚ್ಚು ಕುಡಿಯಿರಿ” ಎಂದಷ್ಟೇ. ಓದುಗರು ಈ ಉತ್ತರವನ್ನು ನೆನಪಿಟ್ಟುಕೊಳ್ಳಬೇಕು. ಏನೇ ತೊಂದರೆ ಕಾಣಿಸಿಕೊಂಡರೂ ಅದನ್ನು ಚಿಕಿತ್ಸೆ ಕೆಲಸ ಮಾಡುತ್ತಿರುವುದರ ಸೂಚನೆ ಎಂದು ವಿವರಿಸುವವರ ಬಳಿ, ಚಿಕಿತ್ಸೆ ತಪ್ಪಿದೆ ಎಂದು ತೋರಿಸಿಕೊಡುವ ಸೂಚನೆ ಯಾವುದೂ ಉಳಿದಿರುವುದಿಲ್ಲ.

ಮೊದಲು ಮಾಡಿಸಿದ ರಕ್ತಪರೀಕ್ಷೆ ನಮ್ಮನ್ನು ದಾರಿತಪ್ಪಿಸಿತು. ಥೈರಾಯ್ಡ್ ಗ್ರಂಥಿಯನ್ನು ಪ್ರಚೋದಿಸುವ ಟಿಎಸ್‌ಎಚ್ ಹಾರ್ಮೋನ್ ತೀರಾ ಕಡಿಮೆ, ಆ ಗ್ರಂಥಿಯೇ ಸ್ರವಿಸುವ ಟಿ4 ಹಾರ್ಮೋನ್ ಹೆಚ್ಚು ಎಂದು ವರದಿ ಬಂದಿದ್ದರಿಂದ ಥೈರಾಯ್ಡ್ ಅತಿಯಾಗಿ ಕೆಲಸ ಮಾಡುತ್ತಿದೆ ಎಂದು ಯಾರೇ ಆದರೂ ಓದಿಕೊಳ್ಳುವಂತಿತ್ತು. ತೂಕ ಇಳಿದದ್ದಕ್ಕೂ ಸುಸ್ತಿಗೂ ಅದು ಹೊಂದುತ್ತಿತ್ತು. ಹಾರ್ಮೋನ್ ತಜ್ಞರು ಔಷಧಿ ಬರೆಯುವ ಮೊದಲು, “ಕೂದಲಿಗೆ, ಉಗುರಿಗೆ ಅಂತ ಏನಾದರೂ ತೆಗೆದುಕೊಳ್ಳುತ್ತೀರಾ?” ಎಂದು ಕೇಳದೇ ಹೋಗಿದ್ದರೆ ಕಥೆ ಬೇರೆಯಾಗುತ್ತಿತ್ತು. ಭಾವನವರ ಪಟ್ಟಿಯಲ್ಲಿ ದಿನಕ್ಕೆ 10 ಮಿಲಿಗ್ರಾಂ ಬಯೋಟಿನ್ ಇತ್ತು. ವಯಸ್ಕರಿಗೆ ದಿನಕ್ಕೆ ಸಾಕೆನಿಸುವ ಪ್ರಮಾಣ ಸುಮಾರು 30 ಮೈಕ್ರೋಗ್ರಾಂ. ಅಂದರೆ ಅವರು ಅದರ ಮುನ್ನೂರು ಪಟ್ಟಿಗಿಂತ ಹೆಚ್ಚು ನುಂಗುತ್ತಿದ್ದರು.

ಬಯೋಟಿನ್ ಥೈರಾಯ್ಡ್ ಗ್ರಂಥಿಗೆ ಏನನ್ನೂ ಮಾಡಿರಲಿಲ್ಲ, ಪರೀಕ್ಷೆಯನ್ನು ಕೆಡಿಸಿತ್ತು. ಪ್ರಯೋಗಾಲಯಗಳಲ್ಲಿ ಬಳಸುವ ಅನೇಕ ಕಿಟ್‌ಗಳು ಬಯೋಟಿನ್ ಮತ್ತು ಸ್ಟ್ರೆಪ್ಟಾವಿಡಿನ್ ಎಂಬ ಪ್ರೋಟೀನ್ ಒಂದಕ್ಕೊಂದು ಬಿಗಿಯಾಗಿ ಅಂಟಿಕೊಳ್ಳುವ ಗುಣವನ್ನೇ ಆಧಾರವಾಗಿ ಇಟ್ಟುಕೊಂಡಿವೆ. ರಕ್ತದಲ್ಲಿ ಬಯೋಟಿನ್ ತುಂಬಿತುಳುಕುತ್ತಿದ್ದರೆ, ಕಿಟ್‌ನಲ್ಲಿ ಅಂಟಿಕೊಳ್ಳಬೇಕಾದ ಜಾಗಗಳನ್ನೆಲ್ಲ ಅದೇ ಮೊದಲು ಆಕ್ರಮಿಸಿ, ಕೆಲವು ಪರೀಕ್ಷೆಗಳಲ್ಲಿ ಫಲಿತಾಂಶ ಸುಳ್ಳಾಗಿ ಇಳಿಯುತ್ತದೆ, ಬೇರೆ ಕೆಲವುಗಳಲ್ಲಿ ಸುಳ್ಳಾಗಿ ಏರುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಈ ಬಗ್ಗೆ ಎಚ್ಚರಿಕೆ ಹೊರಡಿಸಿತ್ತು. ಹೃದಯಾಘಾತವನ್ನು ಪತ್ತೆಹಚ್ಚುವ ಟ್ರೋಪೋನಿನ್ ಪರೀಕ್ಷೆ ಬಯೋಟಿನ್‌ನಿಂದಾಗಿ ಸುಳ್ಳಾಗಿ ಕಡಿಮೆ ತೋರಿಸಿದ್ದ ಪ್ರಕರಣದಲ್ಲಿ ರೋಗಿಯೊಬ್ಬರು ಮೃತಪಟ್ಟದ್ದನ್ನು ಅದರಲ್ಲಿ ಉಲ್ಲೇಖಿಸಲಾಗಿತ್ತು. ಭಾವನವರು ಬಯೋಟಿನ್ ನಿಲ್ಲಿಸಿ ಕೆಲವು ದಿನಗಳ ನಂತರ ಮತ್ತೆ ರಕ್ತ ಕೊಟ್ಟಾಗ ಥೈರಾಯ್ಡ್ ಸಂಪೂರ್ಣ ಸಹಜವಾಗಿತ್ತು. ಅದೇ ರಕ್ತದಲ್ಲಿ ಕ್ಯಾಲ್ಸಿಯಂ ಮಾತ್ರ ಡೆಸಿಲೀಟರಿಗೆ 13 ಮಿಲಿಗ್ರಾಂ ದಾಟಿತ್ತು. ಸಾಮಾನ್ಯವಾಗಿ ಅದು 8.5ರಿಂದ 10.5ರ ಒಳಗಿರಬೇಕು. ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಕೂಡ ಏರಿತ್ತು. ಅಂದೇ ದಾಖಲು ಮಾಡಿಕೊಂಡರು.

ಆ ರಾತ್ರಿ ಅಕ್ಕನ ಮನೆಯ ಊಟದ ಮೇಜಿನ ಮೇಲೆ ಎಲ್ಲ ಡಬ್ಬಿಗಳನ್ನೂ ಜೋಡಿಸಿ, ಹಿಂಬದಿಯ ಸಣ್ಣ ಅಕ್ಷರಗಳನ್ನು ಮೊಬೈಲ್ ಬೆಳಕಿನಲ್ಲಿ ಓದುತ್ತ ವಿಟಮಿನ್ ಡಿ ಎಲ್ಲೆಲ್ಲಿದೆ ಎಂದು ನಾನು ಬರೆದುಕೊಂಡೆ. ಕೋಚ್ ಹೇಳಿದ್ದ ಹನಿಗಳಲ್ಲಿ ದಿನಕ್ಕೆ 20,000 ಯೂನಿಟ್. ಅದನ್ನು ‘ಲೋಡಿಂಗ್ ಡೋಸ್’ (ಆರಂಭದಲ್ಲಿ ಮಾತ್ರ ಕೊಡುವ ಹೆಚ್ಚಿನ ಪ್ರಮಾಣ) ಎಂದು ಶುರು ಮಾಡಿಸಿದ್ದವರು ನಿಲ್ಲಿಸಲು ಹೇಳಿರಲೇ ಇಲ್ಲ. ಮಲ್ಟಿವಿಟಮಿನ್‌ನಲ್ಲಿ 2,000. ಮೂಳೆಗೆಂದು ಕೊಟ್ಟಿದ್ದ ಕ್ಯಾಲ್ಸಿಯಂ ಮಾತ್ರೆಯಲ್ಲಿ 1,000. ಇವುಗಳ ಜೊತೆಗೆ, ಹಿಂದೊಮ್ಮೆ ಬೇರೆ ವೈದ್ಯರು ಕೊರತೆ ಇದೆ ಎಂದು ಕೆಲವೇ ವಾರಗಳ ಮಟ್ಟಿಗೆ ಬರೆದುಕೊಟ್ಟಿದ್ದ, ವಾರಕ್ಕೊಂದರಂತೆ ನುಂಗುವ 60,000 ಯೂನಿಟ್‌ನ ಗುಳಿಗೆ ಇನ್ನೂ ಮುಂದುವರಿಯುತ್ತಿತ್ತು. ಎಲ್ಲವನ್ನೂ ಕೂಡಿದರೆ ದಿನಕ್ಕೆ 31,000 ಯೂನಿಟ್ ದಾಟುತ್ತಿತ್ತು. ವಯಸ್ಕರಿಗೆ ದಿನಕ್ಕೆ ಬೇಕಾದದ್ದು 600, ಎಪ್ಪತ್ತು ದಾಟಿದವರಿಗೆ 800. ವೈದ್ಯರ ಉಸ್ತುವಾರಿಯಿಲ್ಲದೆ ಮೀರಬಾರದ ಮಿತಿ 4,000.

ಕೋಚ್‌ಗೆ ಗೊತ್ತಿದ್ದದ್ದು ತಾನು ಬರೆದ ಪಟ್ಟಿ ಮಾತ್ರ. ಹಳೆಯ ವೈದ್ಯರಿಗೆ ಗೊತ್ತಿದ್ದದ್ದು ತಾವು ಬರೆದ ಗುಳಿಗೆ ಮಾತ್ರ. ಹಿಂದೊಮ್ಮೆ ನಾನು, “ಭಾವ, ಈ ಡಬ್ಬಿಗಳನ್ನೆಲ್ಲ ಡಾಕ್ಟರಿಗೆ ತೋರಿಸಿದ್ದೀರಾ?” ಎಂದು ಕೇಳಿದಾಗ ಅವರು ನಕ್ಕು, “ಇವೇನು ಔಷಧಿನೇನೋ? ಬರೀ ಸಪ್ಲಿಮೆಂಟು” ಎಂದಿದ್ದರು. ಪೂರಕಗಳ ನಿಜವಾದ ಅಪಾಯ ಇರುವುದು ಇಲ್ಲೇ ಎಂಬುದು ನನ್ನ ಅಭಿಪ್ರಾಯ. ಔಷಧಿಗಾದರೆ ಚೀಟಿ ಬರೆದ ಒಬ್ಬರು ಹೊಣೆ ಹೊತ್ತಿರುತ್ತಾರೆ. ಪೂರಕಗಳ ವಿಷಯದಲ್ಲಿ ಡಬ್ಬಿ ಡಬ್ಬಿಗೂ ಬೇರೆ ಬೇರೆ ಮಾರಾಟಗಾರರಿದ್ದು, ಒಟ್ಟು ಮೊತ್ತವನ್ನು ಕೂಡಿ ನೋಡುವ ಹೊಣೆ ಯಾರದೂ ಅಲ್ಲ. ಅಮೆರಿಕದಲ್ಲಂತೂ 1994ರ ಕಾನೂನಿನ ಪ್ರಕಾರ ಇವುಗಳ ಸುರಕ್ಷತೆಯನ್ನಾಗಲಿ ಪರಿಣಾಮವನ್ನಾಗಲಿ ಮಾರುಕಟ್ಟೆಗೆ ಬಿಡುವ ಮೊದಲು ಸರ್ಕಾರದ ಮುಂದೆ ಸಾಬೀತುಪಡಿಸಿ ಅನುಮೋದನೆ ಪಡೆಯಬೇಕಿಲ್ಲ.

ವಿಟಮಿನ್ ಸಿಯಂಥವು ನೀರಿನಲ್ಲಿ ಕರಗುವುದರಿಂದ ಹೆಚ್ಚಾದದ್ದು ಬಹುಮಟ್ಟಿಗೆ ಮೂತ್ರದಲ್ಲಿ ಹೊರಹೋಗುತ್ತದೆ. ವಿಟಮಿನ್ ಡಿ ಹಾಗಲ್ಲ. ಕೊಬ್ಬಿನಲ್ಲಿ ಕರಗಿ ದೇಹದ ಕೊಬ್ಬಿನಲ್ಲೇ ಸಂಗ್ರಹವಾಗುತ್ತ ಹೋಗುತ್ತದೆ. ಕರುಳು ಆಹಾರದಿಂದ ಕ್ಯಾಲ್ಸಿಯಂ ಹೀರಿಕೊಳ್ಳುವಂತೆ ಮಾಡುವುದು ಅದರ ಕೆಲಸ, ಅದು ಅತಿಯಾದಾಗ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ, ಏರಿದ ಕ್ಯಾಲ್ಸಿಯಂನಿಂದಾಗಿ ಮೂತ್ರಪಿಂಡಗಳು ನೀರನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಕಳೆದುಕೊಳ್ಳುತ್ತವೆ. ಬಾಯಾರಿಕೆ, ರಾತ್ರಿಯ ಮೂತ್ರ, ಮಲಬದ್ಧತೆ, ಮಂಕು, ಇವೆಲ್ಲ ಒಂದೇ ಬೇರಿನಿಂದ ಬಂದವಾಗಿದ್ದವು. ಡ್ರಿಪ್ ಮೂಲಕ ಸಲೈನ್ ಕೊಟ್ಟು, ಸ್ಟೆರಾಯ್ಡ್ ಕೊಟ್ಟು ಕ್ಯಾಲ್ಸಿಯಂ ಇಳಿಸಿದರು. ಆದರೆ ಕೊಬ್ಬಿನಲ್ಲಿ ಸೇರಿಕೊಂಡ ವಿಟಮಿನ್ ನಿಧಾನವಾಗಿ ರಕ್ತಕ್ಕೆ ಬಿಡುಗಡೆಯಾಗುತ್ತಲೇ ಇದ್ದುದರಿಂದ ಮನೆಗೆ ಬಂದ ಮೇಲೂ ತಿಂಗಳುಗಟ್ಟಲೆ ಪರೀಕ್ಷೆ ಮುಂದುವರಿಯಿತು. ಕ್ರಿಯಾಟಿನಿನ್ ಇಳಿಯಿತಾದರೂ ಮೊದಲಿನ ಮಟ್ಟಕ್ಕೆ ಮರಳಲಿಲ್ಲ.

ಇಷ್ಟೆಲ್ಲ ನಡೆಯುತ್ತಿದ್ದಾಗ ಭಾವನವರ ಧೈರ್ಯ ಕುಂದದಂತೆ ನೋಡಿಕೊಂಡದ್ದು ‘ಜೈವಿಕ ವಯಸ್ಸಿನ’ ಪರೀಕ್ಷೆ. ಯೋಜನೆ ಸೇರಿದ ಮೇಲೆ ತಮ್ಮ ದೇಹ ನಾಲ್ಕು ವರ್ಷ ಚಿಕ್ಕದಾಗಿದೆ ಎಂಬ ವರದಿಯನ್ನು ಅವರು ಎಲ್ಲರಿಗೂ ತೋರಿಸುತ್ತಿದ್ದರು. ಕ್ಯಾಲ್ಸಿಯಂ ಏರುತ್ತಿದ್ದದ್ದೂ ಅದೇ ತಿಂಗಳುಗಳಲ್ಲಿ. ಡಿಎನ್‌ಎ ಮೇಲಿನ ಮೀಥೈಲ್ ಗುರುತುಗಳನ್ನು ನೋಡಿ ವಯಸ್ಸನ್ನು ಅಂದಾಜು ಮಾಡುವ ಈ ವಿಧಾನವನ್ನು ವಿಜ್ಞಾನಿ ಸ್ಟೀವ್ ಹೋರ್ವಾತ್ 2013ರಲ್ಲಿ ಪ್ರಕಟಿಸಿದ್ದು ಗಂಭೀರವಾದ ವಿಜ್ಞಾನವೇ, ಅದರಲ್ಲಿ ಅನುಮಾನವಿಲ್ಲ. ಆದರೆ ಒಂದೇ ಮಾದರಿಯನ್ನು ಎರಡು ಬಾರಿ ಅಳೆದಾಗ ‘ಗಡಿಯಾರ’ ಎಂದು ಕರೆಯುವ ಇಂಥ ಕೆಲವು ಲೆಕ್ಕಾಚಾರಗಳ ಉತ್ತರದಲ್ಲಿ 9 ವರ್ಷಗಳವರೆಗೂ ವ್ಯತ್ಯಾಸ ಬರಬಹುದೆಂದು 2022ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಅಳತೆಯಲ್ಲೇ ಅಷ್ಟು ಏರುಪೇರು ಇರುವಾಗ ನಾಲ್ಕು ವರ್ಷದ ಇಳಿಕೆಯನ್ನು ಸಾಧನೆ ಎಂದು ಮಾರುವುದು ಗ್ರಾಹಕರಿಗೆ ಮಾಡುವ ವಂಚನೆ ಎಂದೇ ನಾನು ಹೇಳುತ್ತೇನೆ.

ಇದು ಒಬ್ಬ ಕೋಚ್‌ನ ಅಜಾಗರೂಕತೆಯಷ್ಟೇ, ಸರಿಯಾದವರ ಬಳಿ ಹೋದರೆ ಹೀಗಾಗುವುದಿಲ್ಲ ಎಂದು ಕೆಲವರು ನನಗೆ ಹೇಳಿದರು. ಪ್ರಮಾಣದ ಮಟ್ಟಿಗೆ ಅದು ನಿಜ. ಆದರೆ ಕೊರತೆ ಇಲ್ಲದವರಿಗೆ ಹೆಚ್ಚು ಕೊಟ್ಟರೆ ಹೆಚ್ಚು ಒಳ್ಳೆಯದಾಗುತ್ತದೆ ಎಂಬ ಮೂಲ ನಂಬಿಕೆಯನ್ನೇ ದೊಡ್ಡ ದೊಡ್ಡ ಪ್ರಯೋಗಗಳು ಪರೀಕ್ಷಿಸಿ ನೋಡಿವೆ. ಫಿನ್ಲೆಂಡಿನಲ್ಲಿ 29,000ಕ್ಕೂ ಹೆಚ್ಚು ಧೂಮಪಾನಿ ಪುರುಷರ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕ್ಯಾನ್ಸರ್ ತಡೆಯಬಹುದೆಂದು ಕೊಟ್ಟ ಬೀಟಾ ಕ್ಯಾರೊಟಿನ್ ಪಡೆದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚು ಕಂಡುಬಂತು. 35,000 ಪುರುಷರನ್ನು ಒಳಗೊಂಡ ‘ಸೆಲೆಕ್ಟ್’ ಪ್ರಯೋಗದಲ್ಲಿ ದಿನಕ್ಕೆ 400 ಯೂನಿಟ್ ವಿಟಮಿನ್ ಇ ತೆಗೆದುಕೊಂಡವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ 17ರಷ್ಟು ಹೆಚ್ಚಿತ್ತು ಎಂದು 2011ರಲ್ಲಿ ತಿಳಿದುಬಂತು. ವಿಟಮಿನ್ ಡಿ ಬಗ್ಗೆಯೇ ನಡೆದ ‘ವೈಟಲ್’ ಪ್ರಯೋಗದಲ್ಲಿ ದಿನಕ್ಕೆ 2,000 ಯೂನಿಟ್ ಪಡೆದವರಿಗೂ ಪಡೆಯದವರಿಗೂ ಹೃದಯಾಘಾತ, ಪಾರ್ಶ್ವವಾಯುಗಳಂಥ ದೊಡ್ಡ ಘಟನೆಗಳಲ್ಲಾಗಲಿ ಹೊಸದಾಗಿ ಬರುವ ಕ್ಯಾನ್ಸರ್‌ನಲ್ಲಾಗಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಪ್ರಚಾರದ ಭಾಷಣಗಳಲ್ಲಿ ಇವುಗಳ ಪ್ರಸ್ತಾಪವೇ ಇರುವುದಿಲ್ಲ, ಇಲಿಗಳ ಮೇಲಿನ ಪ್ರಯೋಗಗಳದ್ದಾದರೆ ಧಾರಾಳವಾಗಿ ಇರುತ್ತದೆ.

ದ್ರಾಕ್ಷಿಯ ಸಿಪ್ಪೆಯಲ್ಲಿರುವ ರೆಸ್ವೆರಟ್ರಾಲ್ ಎಂಬ ಪದಾರ್ಥದ ಕಥೆಯೂ ಅಂಥದ್ದೇ. ಅದರ ಸುತ್ತ ಕಟ್ಟಿದ ಸರ್ಟ್ರಿಸ್ ಎಂಬ ಕಂಪನಿಯನ್ನು ಗ್ಲಾಕ್ಸೊ ಔಷಧ ಸಂಸ್ಥೆ 2008ರಲ್ಲಿ 72 ಕೋಟಿ ಡಾಲರ್ ಕೊಟ್ಟು ಕೊಂಡು, 2013ರಲ್ಲಿ ಅದರ ಪ್ರತ್ಯೇಕ ಕಚೇರಿಯನ್ನು ಮುಚ್ಚಿತು. ಡಬ್ಬಿಗಳು ಇಂದಿಗೂ ಮಾರಾಟವಾಗುತ್ತಿವೆ. ಎನ್‌ಎಂಎನ್ ಎಂಬ ಪೂರಕ ರಕ್ತದಲ್ಲಿ ಎನ್‌ಎಡಿ (ಜೀವಕೋಶಗಳು ಶಕ್ತಿ ಉತ್ಪಾದಿಸಲು ಬಳಸುವ ಅಣು) ಮಟ್ಟವನ್ನು ಏರಿಸುತ್ತದೆ ಎಂಬುದು ಮನುಷ್ಯರಲ್ಲಿ ತೋರಿದ ಸಂಗತಿ, ಅದರಿಂದ ಮನುಷ್ಯರು ಹೆಚ್ಚು ಕಾಲ ಬದುಕುತ್ತಾರೆ ಎಂಬುದನ್ನು ಯಾರೂ ತೋರಿಸಿಲ್ಲ. ರಾಪಮೈಸಿನ್ ಇಲಿಗಳ ಆಯುಷ್ಯ ಹೆಚ್ಚಿಸಿದ್ದು 2009ರಲ್ಲಿ ಪ್ರಕಟವಾದದ್ದು ನಿಜ, ಆದರೆ ಅದು ಅಂಗಾಂಗ ಕಸಿಯಾದವರಿಗೆ ರೋಗನಿರೋಧಕ ಶಕ್ತಿ ತಗ್ಗಿಸಲು ಕೊಡುವ ಔಷಧಿ. ಬಾಯಿಹುಣ್ಣು, ಸೋಂಕುಗಳು ಅದರ ಜೊತೆಯಲ್ಲೇ ಬರಬಹುದು. ಇನ್ನು ಐಸ್ ಸ್ನಾನದ ವಿಷಯ: ತೂಕ ಎತ್ತುವ ವ್ಯಾಯಾಮ ಮುಗಿದ ಕೂಡಲೇ ತಣ್ಣೀರಿನಲ್ಲಿ ಮುಳುಗಿದರೆ ಸ್ನಾಯು ಬೆಳೆಯುವುದು ಕುಂಠಿತವಾಗುತ್ತದೆ ಎಂದು ಪ್ರಯೋಗಗಳು ಹೇಳಿವೆ. ಇಳಿವಯಸ್ಸಿನಲ್ಲಿ ಬೀಳದೆ ನಡೆಯಲು ಬೇಕಾಗುವುದೇ ಆ ಸ್ನಾಯು. ಭಾವನವರಿಗೆ ಎರಡನ್ನೂ ಬೆನ್ನುಬೆನ್ನಿಗೆ ಮಾಡಿಸುತ್ತಿದ್ದರು.

ಪೂರಕಗಳೆಲ್ಲ ಕೆಟ್ಟವು ಎಂದು ನಾನು ಹೇಳುತ್ತಿಲ್ಲ. ಪರೀಕ್ಷೆಯಲ್ಲಿ ಕೊರತೆ ಕಂಡುಬಂದವರಿಗೆ ವಿಟಮಿನ್ ಡಿ ಬೇಕು. ಮಾಂಸಾಹಾರ, ಹಾಲು ಎರಡನ್ನೂ ಬಿಟ್ಟವರಿಗೆ, ಮಧುಮೇಹದ ಔಷಧಿ ಮೆಟ್‌ಫಾರ್ಮಿನ್ ಅನ್ನು ಬಹುಕಾಲ ಸೇವಿಸುವವರಿಗೆ ಬಿ12 ಬೇಕಾಗುತ್ತದೆ. ವಯಸ್ಸಾದವರಲ್ಲಿ ದಿನಕ್ಕೊಂದು ಸಾಧಾರಣ ಮಲ್ಟಿವಿಟಮಿನ್ ಜ್ಞಾಪಕಶಕ್ತಿಗೆ ಅಲ್ಪ ಸಹಾಯ ಮಾಡಬಹುದೆಂದು ‘ಕಾಸ್ಮೋಸ್’ ಪ್ರಯೋಗಗಳು ಸೂಚಿಸಿವೆ. ಆದರೆ ಸುಮಾರು 3,90,000 ಆರೋಗ್ಯವಂತರನ್ನು ಎರಡು ದಶಕಗಳಿಗೂ ಹೆಚ್ಚು ಕಾಲ ಗಮನಿಸಿ 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಲ್ಟಿವಿಟಮಿನ್ ಸೇವಿಸಿದವರು ಹೆಚ್ಚು ಕಾಲ ಬದುಕಿದ್ದು ಕಂಡುಬಂದಿಲ್ಲ. ಕೊರತೆಯನ್ನು ತುಂಬುವುದು ವೈದ್ಯಕೀಯ, ಅದರಾಚೆಗೆ ಸುರಿಯುವುದು ಜೂಜು. ‘ನೈಸರ್ಗಿಕ’ ಎಂಬ ಮಾತೂ ರಕ್ಷಣೆಯಲ್ಲ: ಗ್ರೀನ್ ಟೀ ಸಾರದ ಗುಳಿಗೆ, ಅಶ್ವಗಂಧ, ಕಾಳುಮೆಣಸಿನ ಪೈಪರಿನ್ ಬೆರೆಸಿದ ಅರಿಶಿನದ ಮಾತ್ರೆ, ಮೂರರಿಂದಲೂ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ.

ಈಗಾಗಲೇ ಇಂಥ ಯೋಜನೆಯಲ್ಲಿರುವವರು ಮೊದಲು ಮನೆಯಲ್ಲಿರುವ ಪ್ರತಿಯೊಂದು ಡಬ್ಬಿಯನ್ನೂ ಒಂದು ಚೀಲಕ್ಕೆ ಹಾಕಿಕೊಂಡು ನಿಮ್ಮ ವೈದ್ಯರ ಮುಂದೆ ಇಡಿ. ಹೆಸರುಗಳನ್ನು ಬಾಯಲ್ಲಿ ಹೇಳಿದರೆ ಸಾಲದು, ಪ್ರಮಾಣ ಇರುವುದು ಲೇಬಲ್‌ನಲ್ಲಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಸೇವಿಸುವವರು ಮೀನೆಣ್ಣೆ, ಗಿಂಕೋ ಎಂಬ ಮರದೆಲೆಯ ಸಾರ, ವಿಟಮಿನ್ ಇ ಮತ್ತು ವಿಟಮಿನ್ ಕೆ ಬಗ್ಗೆ ವಿಶೇಷವಾಗಿ ಕೇಳಬೇಕು. ಬಯೋಟಿನ್ ಸೇವಿಸುತ್ತಿದ್ದರೆ ರಕ್ತ ಕೊಡುವ ಎರಡು ದಿನ ಮೊದಲೇ ನಿಲ್ಲಿಸಿ, ಪ್ರಯೋಗಾಲಯದವರಿಗೂ ತಿಳಿಸಿ. ತುರ್ತು ಚಿಕಿತ್ಸೆಗೆ ಹೋದರೆ ಕಾಯುವಂತಿಲ್ಲ, ಆದ್ದರಿಂದ ಅಲ್ಲಿನ ವೈದ್ಯರಿಗೆ ಅದನ್ನು ಮೊದಲು ಹೇಳಿ. ಹೆಚ್ಚಿನ ಪ್ರಮಾಣದ ವಿಟಮಿನ್ ಡಿ ತಿಂಗಳುಗಟ್ಟಲೆ ತೆಗೆದುಕೊಂಡಿದ್ದರೆ ಕ್ಯಾಲ್ಸಿಯಂ, ಕ್ರಿಯಾಟಿನಿನ್ ಮತ್ತು 25-ಹೈಡ್ರಾಕ್ಸಿ ವಿಟಮಿನ್ ಡಿ (ದೇಹದಲ್ಲಿರುವ ವಿಟಮಿನ್ ಡಿ ಮಟ್ಟ ತಿಳಿಸುವ) ಪರೀಕ್ಷೆ ಮಾಡಿಸಿಕೊಳ್ಳಿ. ಈ ಬರಹ ಓದಿದ ಆತಂಕದಲ್ಲಿ ವೈದ್ಯರು ಬರೆದುಕೊಟ್ಟ ರಕ್ತದೊತ್ತಡದ, ಸಕ್ಕರೆಯ ಔಷಧಿಗಳನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ಮನೆಯ ಹಿರಿಯರಲ್ಲಿ ತೀರದ ಬಾಯಾರಿಕೆ, ವಾಂತಿ, ಹೊಸದಾಗಿ ಕಾಣಿಸಿಕೊಂಡ ಗೊಂದಲ ಇದ್ದರೆ, ಕೋಚ್‌ನ ಉತ್ತರಕ್ಕಾಗಲಿ ಮುಂದಿನ ಅಪಾಯಿಂಟ್‌ಮೆಂಟಿಗಾಗಲಿ ಕಾಯದೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಡಬ್ಬಿಗಳ ಚೀಲವನ್ನೂ ಜೊತೆಗೆ ಒಯ್ಯಿರಿ.