ಮೋಡೆಮ್ ಗಟ್ಟಿ, ಅಡಾಪ್ಟರ್ ಸುಮಾರು: ವರ್ಷಗಟ್ಟಲೆ ಬಳಸಿದ ಮೇಲಿನ ವಿಮರ್ಶೆ

ಇಂಟರ್ನೆಟ್ ಕಂಪನಿಯವರು ಕನೆಕ್ಷನ್ ಜೊತೆಗೇ ಕೊಟ್ಟ ಫೈಬರ್ ಮೋಡೆಮ್ ಇದು. ಒಳಗೇ ವೈಫೈ, ಹಿಂದೆ ನಾಲ್ಕು ಲ್ಯಾನ್ ಪೋರ್ಟ್. ಹೊಸದರಲ್ಲಿ ಬರೆಯುವ ವಿಮರ್ಶೆಗಳಲ್ಲಿ ಸ್ಪೀಡು, ರೇಂಜು ಇಷ್ಟೇ ಇರುತ್ತದೆ. ಅದನ್ನು ಬೇಗ ಹೇಳಿ ಮುಗಿಸುತ್ತೇನೆ. ಸ್ಪೀಡ್ ಬಗ್ಗೆ ತಕರಾರಿಲ್ಲ. ಎರಡು ಗೋಡೆ ದಾಟಿದರೆ 5 ಗಿಗಾಹರ್ಟ್ಜ್ ಸಿಗ್ನಲ್ ಸೊರಗುತ್ತದೆ, 2.4 ಗಿಗಾಹರ್ಟ್ಜ್ ಮೂಲೆಯವರೆಗೂ ಸಿಗುತ್ತದೆ. ಎಲ್ಲ ಮೋಡೆಮ್‌ಗಳ ಕತೆಯೂ ಇದೇ. ಇದೊಂದರ ಮೇಲೆ ಗೂಬೆ ಕೂರಿಸುವಂತಿಲ್ಲ. ನಾನು ಹೇಳಬೇಕೆಂದಿರುವುದು ಅದು ಪೂರ್ತಿ ಸತ್ತಂತೆ ಬಿದ್ದುಕೊಂಡ ದಿನದ ಬಗ್ಗೆ. ಒಂದು ದೀಪವೂ ಇಲ್ಲ.

ಅದಕ್ಕೂ ಮುಂಚೆ ಸುಳಿವು ಸಿಕ್ಕಿತ್ತು. ಸಂಜೆ ಎಲ್ಲರೂ ವಿಡಿಯೊ ನೋಡುವ ಹೊತ್ತಿಗೆ ಮೋಡೆಮ್ ತಾನಾಗಿಯೇ ರೀಸ್ಟಾರ್ಟ್ ಆಗುತ್ತಿತ್ತು. ಬೆಳಿಗ್ಗೆ ಏನೂ ತೊಂದರೆ ಇಲ್ಲ. ಕರೆಂಟ್ ಹೋಗಿ ಬಂದರೆ ಏಳಲು ಸತಾಯಿಸುತ್ತಿತ್ತು. ಕಸ್ಟಮರ್ ಕೇರ್‌ನವರು ಲೈನಿನ ಸಮಸ್ಯೆ ಅಂದರು. ಲೈನಿನದಾದರೆ ಎಲ್‌ಒಎಸ್ ದೀಪ, ಅಂದರೆ ಫೈಬರ್ ಸಿಗ್ನಲ್ ಬರುತ್ತಿಲ್ಲ ಎಂದು ತೋರಿಸುವ ದೀಪ, ಕೆಂಪಗೆ ಮಿನುಗಬೇಕು. ಪೆಟ್ಟಿಗೆ ಆಫ್ ಆಗಿ ಆನ್ ಆಗುವುದಕ್ಕೂ ಫೈಬರ್‌ಗೂ ಸಂಬಂಧವಿಲ್ಲ, ಅಲ್ವಾ?

ದೀಪವೇ ಬರದಿದ್ದಾಗ ಮೊದಲು ನೋಡಬೇಕಾದವು ತೀರಾ ಸಾಮಾನ್ಯ ಸಂಗತಿಗಳು. ಅದೇ ಸಾಕೆಟ್‌ಗೆ ಫೋನ್ ಚಾರ್ಜರ್ ಹಾಕಿ ನೋಡಿ. ಎಕ್ಸ್‌ಟೆನ್ಶನ್ ಬೋರ್ಡ್ ಇದ್ದರೆ ಬಿಟ್ಟು, ನೇರ ಗೋಡೆಯ ಸಾಕೆಟ್‌ಗೆ ಅಡಾಪ್ಟರ್ ಹಾಕಿ. ಮೋಡೆಮ್ ಹಿಂದಿನ ಆನ್-ಆಫ್ ಬಟನ್ ನೋಡಿ. ಇದರಲ್ಲಿ ಅದು ಒತ್ತಿದರೆ ಒಳಗೆ ಕೂರುವ ಬಟನ್, ಒರೆಸುವಾಗ ಕೈ ತಾಗಿದರೂ ಹೊರಗೆ ಬಂದುಬಿಡುತ್ತದೆ. ಕೆಲವು ಮಾಡೆಲ್‌ಗಳಲ್ಲಿ ದೀಪಗಳನ್ನು ಮಾತ್ರ ಆರಿಸುವ ಬಟನ್ ಬೇರೆ ಇರುತ್ತದೆ. ಫೋನಿನಲ್ಲಿ ವೈಫೈ ಹೆಸರು ಕಾಣುತ್ತಿದ್ದರೆ ಮೋಡೆಮ್ ಬದುಕಿದೆ, ಕಣ್ಣು ಮುಚ್ಚಿದೆ ಅಷ್ಟೇ.

ಸೂಜಿ ಹಾಕಿ ಒತ್ತುವ ರೀಸೆಟ್ ತೂತಿನ ತಂಟೆಗೆ ಮಾತ್ರ ಹೋಗಬೇಡಿ. ಕರೆಂಟೇ ಇಲ್ಲದ ಪೆಟ್ಟಿಗೆಯಲ್ಲಿ ಅದನ್ನು ಒತ್ತಿ ಪ್ರಯೋಜನವಿಲ್ಲ. ಕರೆಂಟ್ ಬಂದು ಹೋಗಿ ಮಾಡುತ್ತಿರುವಾಗ ಒತ್ತಿದರೆ ಕಂಪನಿಯವರು ಹಾಕಿದ ಯೂಸರ್‌ನೇಮ್, ಪಾಸ್‌ವರ್ಡ್ ಎಲ್ಲ ಅಳಿಸಿಹೋಗಬಹುದು. ಆಮೇಲೆ ಒಂದಿದ್ದ ತಲೆನೋವು ಎರಡಾಗುತ್ತದೆ.

ಇಷ್ಟೆಲ್ಲ ಸರಿಯಿದ್ದರೆ ಅನುಮಾನ ಹೋಗಬೇಕಾದದ್ದು ಅಡಾಪ್ಟರ್ ಮೇಲೆ. ನನ್ನ ಮಟ್ಟಿಗೆ ಈ ಸೆಟ್‌ನಲ್ಲಿ ಕಳಪೆ ಅಂದರೆ ಅದೊಂದೇ. ಒಳಗಿನ ಕೆಪಾಸಿಟರ್‌ಗಳು, ಅಂದರೆ ಕರೆಂಟನ್ನು ಹಿಡಿದಿಟ್ಟು ಸಮವಾಗಿ ಕೊಡುವ ಪುಟ್ಟ ಭಾಗಗಳು, ಬಿಸಿಗೆ ನಿಧಾನವಾಗಿ ಒಣಗುತ್ತವೆ. ಸಾಧಾರಣ ಕೆಪಾಸಿಟರ್‌ಗೆ ತಯಾರಕರು 105 ಡಿಗ್ರಿಯಲ್ಲಿ 2000 ಗಂಟೆ ಬಾಳಿಕೆ ಎಂದಿರುತ್ತಾರೆ. ಬಿಸಿ 10 ಡಿಗ್ರಿ ಇಳಿದರೆ ಆಯಸ್ಸು ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ ಎಂಬುದು ಎಲೆಕ್ಟ್ರಾನಿಕ್ಸ್‌ನವರ ಲೆಕ್ಕ. ಅಂದರೆ 65 ಡಿಗ್ರಿಯಲ್ಲಿ 32,000 ಗಂಟೆ. ದೊಡ್ಡ ಸಂಖ್ಯೆ ಅನಿಸುತ್ತದೆ. ಆದರೆ ಮೋಡೆಮ್ ಹಗಲೂ ರಾತ್ರಿ ಓಡುತ್ತದೆ, ವರ್ಷಕ್ಕೆ 8,760 ಗಂಟೆ. ಭಾಗಿಸಿ ನೋಡಿ, ಮೂರೂವರೆ ವರ್ಷ ಚಿಲ್ಲರೆ. ಅಡಾಪ್ಟರನ್ನು ಸೋಫಾ ಹಿಂದೆ, ಪರದೆ ಕೆಳಗೆ ತುರುಕಿಟ್ಟರೆ ಅದಕ್ಕೂ ಮುಂಚೆಯೇ ಕೈ ಕೊಡುತ್ತದೆ.

ಮಲ್ಟಿಮೀಟರ್ ಇದ್ದರೆ ಡಿಸಿ 20 ವೋಲ್ಟ್‌ಗೆ ಇಟ್ಟು, ಕೆಂಪು ಕಡ್ಡಿಯನ್ನು ಪಿನ್ನಿನ ಒಳಗೆ, ಕಪ್ಪು ಕಡ್ಡಿಯನ್ನು ಹೊರಮೈಗೆ ತಾಗಿಸಿ. ಸೊನ್ನೆ ಬಂದರೆ ಅಡಾಪ್ಟರ್ ಹೋಗಿದೆ ಎಂದೇ ಲೆಕ್ಕ. ಕಗ್ಗಂಟಾಗುವುದು ಅಡಾಪ್ಟರ್ ಚೀಟಿಯಲ್ಲಿರುವಷ್ಟೇ, ನನ್ನದರಲ್ಲಾದರೆ 12 ವೋಲ್ಟ್, ಬಂದಾಗ. ನನ್ನದರಲ್ಲಿ 12 ಚೆನ್ನಾಗಿಯೇ ಬರುತ್ತಿತ್ತು, ಆದರೂ ಮೋಡೆಮ್ ಏಳುತ್ತಿರಲಿಲ್ಲ. ಗೋಡೆಗೆ ಒರಗಿಸಿಟ್ಟ ಏಣಿ ಗಟ್ಟಿಯಾಗಿಯೇ ಕಾಣುತ್ತದೆ, ಕಾಲಿಟ್ಟಾಗಲೇ ಮುರಿಯುವುದು. ಅಡಾಪ್ಟರ್ ಕೂಡ ಹಾಗೆ. ಮೋಡೆಮ್ ಕರೆಂಟ್ ಎಳೆದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ. ಸಂಜೆ ಹೊತ್ತಿನ ರೀಸ್ಟಾರ್ಟ್‌ಗೂ ಇದೇ ಕಾರಣ, ಆಗ ವೈಫೈ ಕೆಲಸ ಜಾಸ್ತಿ. ಹಾಗಾಗಿ ಮೀಟರ್ ಮಾತನ್ನು ಪೂರ್ತಿ ನಂಬದೆ, ಇನ್ನೊಂದು ಅಡಾಪ್ಟರ್ ಹಾಕಿ ನೋಡುವುದೇ ಸರಿಯಾದ ಪರೀಕ್ಷೆ.

ಇನ್ನೊಂದು ಅಂದರೆ ಕೈಗೆ ಸಿಕ್ಕಿದ್ದಲ್ಲ. ಹಳೆಯದರ ಮೇಲಿನ ಚೀಟಿಯಲ್ಲಿ ಔಟ್‌ಪುಟ್ ಸಾಲು ಓದಿ. ನನ್ನದು 12 ವೋಲ್ಟ್, 1 ಆಂಪಿಯರ್. ವೋಲ್ಟ್ ಅಷ್ಟೇ ಇರಬೇಕು. ಆಂಪಿಯರ್ ಅಷ್ಟೇ ಇರಲಿ, ಇಲ್ಲವೇ ಹೆಚ್ಚಿರಲಿ, ಕಡಿಮೆ ಮಾತ್ರ ಬೇಡ. 1.5 ಅಥವಾ 2 ಆಂಪಿಯರ್‌ನದು ಹಾಕಿದರೆ ಮೋಡೆಮ್ ಸುಟ್ಟುಹೋಗುತ್ತದೆ ಎನ್ನುವವರಿದ್ದಾರೆ. ಹಾಗಾಗುವುದಿಲ್ಲ. ಮೋಡೆಮ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ, ಅಡಾಪ್ಟರ್‌ಗೂ ಹೊರೆ ಹಗುರ. ಚೀಟಿಯಲ್ಲಿ ಪ್ಲಸ್, ಮೈನಸ್ ಗುರುತಿರುವ ಪುಟ್ಟ ಚಿತ್ರವೂ ಹೊಂದಬೇಕು. ಪಿನ್ ಅಳತೆ ಮೋಸ ಮಾಡುವ ಸಂಗತಿ. ಹೊರಗೆ 5.5 ಮಿಲಿಮೀಟರ್ ಇರುವ ಪಿನ್ನುಗಳಲ್ಲೇ ಒಳತೂತು 2.1 ಮತ್ತು 2.5 ಎಂದು ಎರಡು ಬಗೆ. ಕಣ್ಣಿಗೆ ಒಂದೇ. ಒಳತೂತು ದೊಡ್ಡದಾದರೆ ಸಡಿಲವಾಗಿ ಕೂತು, ಅಲುಗಾಡಿದಾಗಲೆಲ್ಲ ಕನೆಕ್ಷನ್ ತಪ್ಪುತ್ತದೆ. ಆಗ ಸುಮ್ನೆ ಮೋಡೆಮ್‌ಗೆ ಬೈಗುಳ.

ಅಡಾಪ್ಟರ್ ಬಿಚ್ಚಿ ರಿಪೇರಿ ಮಾಡುವ ಆಸೆ ಬೇಡ. 230 ವೋಲ್ಟ್ ಸಾಕೆಟ್‌ಗೆ ಹಾಕಿದ ಅಡಾಪ್ಟರ್ ಒಳಗೆ 300 ದಾಟಿದ ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಸ್ವಲ್ಪ ಹೊತ್ತು ಉಳಿಯಬಹುದು.

ಅಡಾಪ್ಟರ್‌ಗೂ ಮೋಡೆಮ್‌ಗೂ ಮಧ್ಯೆ ಪುಟ್ಟ ಯುಪಿಎಸ್ ಇಟ್ಟುಕೊಂಡವರು ಅದನ್ನೂ ಒಮ್ಮೆ ಬಿಟ್ಟು ನೋಡಿ. ಬ್ಯಾಟರಿ ಸೋತ ಯುಪಿಎಸ್ ಕೂಡ ಹೀಗೇ ಆಟ ಆಡಿಸುತ್ತದೆ. ಅದರ ಹೊಟ್ಟೆ ಉಬ್ಬಿದ್ದರಂತೂ ಕೂಡಲೇ ಬಳಕೆ ನಿಲ್ಲಿಸಿ.

ಸರಿಯಾದ ಅಡಾಪ್ಟರ್ ಹಾಕಿದರೂ ದೀಪ ಬರದಿದ್ದರೆ ಆಗ ಮೋಡೆಮ್ ಮೇಲೆ ಅನುಮಾನ. ಪಿನ್ನನ್ನು ಮೆಲ್ಲಗೆ ಅಲುಗಿಸಿದಾಗ ದೀಪ ಬಂದು ಹೋದರೆ ಒಳಗಿನ ಜ್ಯಾಕ್‌ನ ಬೆಸುಗೆ ಬಿಟ್ಟಿರಬಹುದು, ಅದು ರಿಪೇರಿಯಾಗುವಂಥದ್ದು. ಮೋಡೆಮ್‌ಗೆ ಸಿಕ್ಕಿಸಿದ ತಕ್ಷಣ ಹೊಸ ಅಡಾಪ್ಟರ್‌ನ ದೀಪವೂ ಮಿನುಗತೊಡಗಿದರೆ ಒಳಗೆ ಶಾರ್ಟ್ ಆಗಿರುವ ಸಾಧ್ಯತೆ ಹೆಚ್ಚು. ಸಿಡಿಲಿನ ಮಳೆ ಕಳೆದ ಮೇಲೆ ಹೀಗಾದರೆ ಅಚ್ಚರಿಯೇನಿಲ್ಲ. ಫೈಬರ್ ಎಳೆ ಗಾಜಿನದು, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಹೊಡೆತ ಬರುವುದು ಅಡಾಪ್ಟರ್ ಕಡೆಯಿಂದ, ಇಲ್ಲವೇ ಲ್ಯಾನ್ ಕೇಬಲ್ ಕಡೆಯಿಂದ. ಸಿಡಿಲಿನ ಸದ್ದು ಕೇಳುವ ಮುಂಚೆಯೇ ಎರಡನ್ನೂ ಕಿತ್ತಿಟ್ಟರೆ ಒಳ್ಳೆಯದು.

ನನ್ನ ಪೆಟ್ಟಿಗೆ ಬೇರೆ ಅಡಾಪ್ಟರ್‌ಗೆ ಒಂದೇ ಸಲಕ್ಕೆ ಎದ್ದಿತು. ಆಮೇಲೆ ಸಂಜೆಯ ರೀಸ್ಟಾರ್ಟ್ ಕೂಡ ನಿಂತಿತು. ಇಷ್ಟಾದರೂ ಕಂಪನಿಯವರ ಸಲಹೆ ಏನಿತ್ತು ಗೊತ್ತಾ? ಮೋಡೆಮ್ ಹೋಗಿದೆ, ದೊಡ್ಡ ಪ್ಲಾನ್ ತಗೊಳ್ಳಿ, ಹೊಸದು ಬರುತ್ತದೆ ಎಂದು. ನೋಡದೆಯೇ ಹೇಳಿದ ತೀರ್ಪು! ಹಾಗೆಂದು ಸಿಟ್ಟಿನಲ್ಲಿ ಅಂಗಡಿಯಿಂದ ಯಾವುದೋ ಫೈಬರ್ ಮೋಡೆಮ್ ತಂದು ಸಿಕ್ಕಿಸಿದರೂ ಸಾಮಾನ್ಯವಾಗಿ ಇಂಟರ್ನೆಟ್ ಬರುವುದಿಲ್ಲ. ಅದರ ಸೀರಿಯಲ್ ನಂಬರ್ ಕಂಪನಿಯವರ ಕಡೆ ದಾಖಲಾಗಬೇಕು.

ನನ್ನ ಅಂಕ: ಮೋಡೆಮ್‌ಗೆ ಐದಕ್ಕೆ ನಾಲ್ಕು, ಅಡಾಪ್ಟರ್‌ಗೆ ಎರಡು, ಕಸ್ಟಮರ್ ಕೇರ್‌ಗೆ ಒಂದು. ಪೆಟ್ಟಿಗೆ ಬಾಡಿಗೆಯದೋ ಕಂಪನಿಯ ಸ್ವತ್ತೋ ಆಗಿದ್ದರೆ ಅಡಾಪ್ಟರ್ ಕೂಡ ಅದರೊಳಗೇ ಬರಬೇಕು. ಹೊಸದನ್ನು ಕೊಳ್ಳುವ ಮುಂಚೆ ಕರಾರು ಓದಿ, ಅಡಾಪ್ಟರ್ ಮಾತ್ರ ಬದಲಿಸಿ ಕೊಡಿ ಎಂದು ಬರಹದಲ್ಲೇ ಕೇಳಿ.