ಪಿಯುಸಿ ಪೈಥಾನ್‌ಗೆ ಯಾವುದು ಹಾಕಿಕೊಳ್ಳಬೇಕು: ಐಡಲ್, ಥಾನಿ, ವಿಎಸ್ ಕೋಡ್, ಕೋಲ್ಯಾಬ್ ಒಂದು ಹೋಲಿಕೆ

ಪಿಯುಸಿ ಕಂಪ್ಯೂಟರ್ ಸೈನ್ಸ್‌ನಲ್ಲಿ ಸಿ++ ಹೋಗಿ ಎನ್‌ಸಿಇಆರ್‌ಟಿ ಪಠ್ಯದ ಪೈಥಾನ್ ಬಂದಿದೆ. ಟರ್ಬೊ ಸಿ++ ಕಾಲದಲ್ಲಿ ಆ ನೀಲಿ ಪರದೆ ಬಿಟ್ಟರೆ ಗತಿಯಿರಲಿಲ್ಲ, ಈಗ ಆಯ್ಕೆಯೇ ತಲೆನೋವು. ಪೈಥಾನ್ ಬರೆದು ಓಡಿಸಲು ಪೈಥಾನ್ ಜೊತೆಗೇ ಬರುವ ಐಡಲ್ ಇದೆ, ಆರಂಭಿಕರ ಥಾನಿ ಇದೆ, ಮೈಕ್ರೋಸಾಫ್ಟ್‌ನ ವಿಎಸ್ ಕೋಡ್ ಇದೆ, ಬ್ರೌಸರ್‌ನಲ್ಲೇ ನಡೆಯುವ ಗೂಗಲ್‌ನ ಕೋಲ್ಯಾಬ್ ಇದೆ. ದ್ವಿತೀಯ ಪಿಯುಸಿಯ ಸ್ಟ್ಯಾಕ್, ಸಾರ್ಟಿಂಗ್, ಫೈಲ್ ಪ್ರೋಗ್ರಾಂಗಳನ್ನೇ ಎಲ್ಲದರಲ್ಲೂ ಓಡಿಸಿ ನೋಡಿ ಇದನ್ನು ಬರೆದಿದ್ದೇವೆ. ನಮ್ಮ ತೀರ್ಪು: ಕಲಿಯುವಾಗ ಥಾನಿ, ಪ್ರಾಕ್ಟಿಕಲ್ ಹತ್ತಿರ ಬಂದಾಗ ಐಡಲ್. ಉಳಿದವು ಕೆಟ್ಟವೆಂದಲ್ಲ. ಆದರೆ ಕೆಲವು ತಪ್ಪುಗಳನ್ನು ಅವು ಸದ್ದಿಲ್ಲದೆ ಮುಚ್ಚಿಹಾಕುತ್ತವೆ, ಥಿಯರಿ ಪೇಪರ್‌ನಲ್ಲಿ ಪೆನ್ನಲ್ಲೇ ಪ್ರೋಗ್ರಾಂ ಬರೆಯಬೇಕಾದವರಿಗೆ ಅದು ದುಬಾರಿ.

ಫೈಲ್ ಪ್ರೋಗ್ರಾಂನಲ್ಲಿ ಬಯಲಾಗುವ ವ್ಯತ್ಯಾಸ

ಒಂದು ಟೆಕ್ಸ್ಟ್ ಫೈಲನ್ನು ರೈಟ್ ಮೋಡ್‌ನಲ್ಲಿ ತೆರೆದು, ಎರಡು ಸಾಲು ಬರೆದು, ಬೇಕೆಂದೇ ಕ್ಲೋಸ್ ಮಾಡದೆ ಬಿಡಿ. ಐಡಲ್‌ನಲ್ಲಿ ಎಫ್5 ಒತ್ತಿ ಓಡಿಸಿದರೆ ಎರರ್ ಏನೂ ಬರುವುದಿಲ್ಲ. ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಮಾತ್ರ ಒಳಗೆ ಏನೂ ಇಲ್ಲ, ಸೈಜ್ 0 ಕೆಬಿ. ಪ್ರೋಗ್ರಾಂ ಮುಗಿದರೂ ಶೆಲ್ (ಔಟ್‌ಪುಟ್ ಕಾಣುವ ಕಿಟಕಿ) ಜೀವಂತವಾಗಿರುತ್ತದೆ, ಫೈಲ್ ಹಿಡಿದಿರುವ ವೇರಿಯೇಬಲ್ ಅದರೊಳಗೆ ಹಾಗೇ ಉಳಿದಿರುತ್ತದೆ, ಬರೆದ ಸಾಲುಗಳು ಬಫರ್‌ನಿಂದ, ಅಂದರೆ ಮೆಮೊರಿಯ ತಾತ್ಕಾಲಿಕ ಜಾಗದಿಂದ, ಡಿಸ್ಕ್‌ಗೆ ಇಳಿದಿರುವುದಿಲ್ಲ. ಅದೇ ಪ್ರೋಗ್ರಾಂ ವಿಎಸ್ ಕೋಡ್‌ನ ಟರ್ಮಿನಲ್‌ನಲ್ಲಿ ಓಡಿದರೆ ಎರಡೂ ಸಾಲು ಫೈಲಿನಲ್ಲಿ ಸಿಗುತ್ತವೆ, ಏಕೆಂದರೆ ಅಲ್ಲಿ ಪ್ರೋಗ್ರಾಂ ಮುಗಿದಾಗ ಪೈಥಾನೇ ಮುಚ್ಚಿಕೊಂಡು ಹೋಗುವಾಗ ಬಫರ್ ಖಾಲಿ ಮಾಡುತ್ತದೆ. ವಿಎಸ್ ಕೋಡ್‌ನಲ್ಲಿ ಕಲಿತವರು ಕ್ಲೋಸ್ ಬರೆಯುವುದನ್ನು ಮರೆಯುವುದು ಇದರಿಂದಲೇ. ‘ವಿತ್’ ಬಳಸಿ ಓಪನ್ ಮಾಡುವುದನ್ನು ರೂಢಿ ಮಾಡಿಕೊಂಡರೆ ಈ ತೊಂದರೆ ಎಲ್ಲೂ ಇರುವುದಿಲ್ಲ.

ಫೈಲ್ ಓದುವಾಗ ಇದು ಉಲ್ಟಾ. ಐಡಲ್ ಮತ್ತು ಥಾನಿ, ಪ್ರೋಗ್ರಾಂ ಇರುವ ಫೋಲ್ಡರ್‌ನಲ್ಲೇ ಡೇಟಾ ಫೈಲನ್ನು ಹುಡುಕುತ್ತವೆ. ವಿಎಸ್ ಕೋಡ್ ಹುಡುಕುವುದು ನೀವು ‘ಓಪನ್ ಫೋಲ್ಡರ್’ ಮಾಡಿದ ಜಾಗದಲ್ಲಿ. ಪ್ರೋಗ್ರಾಂ ಒಳಗಿನ ಉಪಫೋಲ್ಡರ್‌ನಲ್ಲಿದ್ದರೆ, ಡೇಟಾ ಫೈಲ್ ಅದರ ಪಕ್ಕದಲ್ಲೇ ಕಾಣುತ್ತಿದ್ದರೂ ‘ಫೈಲ್ ನಾಟ್ ಫೌಂಡ್’ ಎನ್ನುತ್ತದೆ. ಪ್ರೋಗ್ರಾಂ ಇರುವ ಫೋಲ್ಡರನ್ನೇ ನೇರವಾಗಿ ಓಪನ್ ಮಾಡಿ, ಇಲ್ಲವೇ ಸೆಟ್ಟಿಂಗ್ಸ್‌ನಲ್ಲಿ ‘ಎಕ್ಸಿಕ್ಯೂಟ್ ಇನ್ ಫೈಲ್ ಡಿರ್’ಗೆ ಟಿಕ್ ಹಾಕಿ.

ಕೋಲ್ಯಾಬ್‌ನಲ್ಲಿ ಫೈಲ್ ತಯಾರಾಗುವುದು ಗೂಗಲ್‌ನ ಕಂಪ್ಯೂಟರ್‌ನಲ್ಲಿ. ಅಲ್ಲಿನ ಸಂಪರ್ಕ, ಅಂದರೆ ರನ್‌ಟೈಮ್, ಕಡಿದುಹೋದರೆ ಅದೂ ಹೋಯಿತು. ಬೈನರಿ ಫೈಲ್, ಪಿಕಲ್ (ಡೇಟಾವನ್ನು ಬೈನರಿ ಫೈಲಿಗೆ ಉಳಿಸುವ ಮಾಡ್ಯೂಲ್) ಅಭ್ಯಾಸ ಮಾಡುವವರಿಗೆ ಇದು ಸರಿಹೊಂದದು.

ಕೋಲ್ಯಾಬ್‌ನ ಇನ್ನೊಂದು ತೊಡಕು

ಕೋಲ್ಯಾಬ್‌ನಲ್ಲಿ ಪ್ರೋಗ್ರಾಂ ಬರೆಯುವುದು ಸೆಲ್ ಎಂಬ ಚೌಕಗಳಲ್ಲಿ. ಮೊದಲ ಸೆಲ್‌ನಲ್ಲಿ ‘ಟೋಟಲ್’ ಎಂಬ ವೇರಿಯೇಬಲ್ ಮಾಡಿ ಓಡಿಸಿ. ಆಮೇಲೆ ಆ ಸೆಲ್ ಅಳಿಸಿ. ಕೆಳಗಿನ ಸೆಲ್‌ನಲ್ಲಿ ಟೋಟಲ್ ಪ್ರಿಂಟ್ ಮಾಡಿದರೆ ಈಗಲೂ ಬೆಲೆ ಬರುತ್ತದೆ, ಏಕೆಂದರೆ ಮೆಮೊರಿಯಲ್ಲಿ ಅದು ಇನ್ನೂ ಇದೆ. ಅದೇ ಪ್ರೋಗ್ರಾಂ ಕಾಲೇಜಿನ ಲ್ಯಾಬ್‌ನಲ್ಲಿ ‘ನೇಮ್ ಎರರ್’ ಕೊಡುತ್ತದೆ. ಐಡಲ್, ಥಾನಿ ಪ್ರತಿ ಎಫ್5ಗೂ ಹಳೆಯದನ್ನು ಒರೆಸಿ ಹೊಸದಾಗಿ ಶುರುಮಾಡುತ್ತವೆ. ಕೋಲ್ಯಾಬ್‌ನಲ್ಲೂ ‘ರೀಸ್ಟಾರ್ಟ್ ಸೆಷನ್’ ಕೊಟ್ಟು ಎಲ್ಲ ಸೆಲ್ ಓಡಿಸಬಹುದು, ಮಾಡುವವರು ಕಡಿಮೆ. ಜೊತೆಗೆ ಅರ್ಧ ಸಾಲು ಟೈಪ್ ಮಾಡುವಷ್ಟರಲ್ಲಿ ಉಳಿದದ್ದನ್ನು ಅದೇ ತುಂಬಿಕೊಡಲು ಬರುತ್ತದೆ. ರೆಕಾರ್ಡ್ ಬರೆಯುವಾಗ ಹಿತ, ಪರೀಕ್ಷೆಯಲ್ಲಿ ಕೈಕೊಡುತ್ತದೆ.

ಥಾನಿ ಎಲ್ಲಿ ಗೆಲ್ಲುತ್ತದೆ

ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಇದು ಆರಂಭಿಕರಿಗೆಂದೇ ಮಾಡಿದ್ದು. ಪೈಥಾನ್ ಒಳಗೇ ಇರುವುದರಿಂದ ಬೇರೆ ಇನ್‌ಸ್ಟಾಲ್ ಬೇಡ, ಪಾತ್ ಸೆಟ್ ಮಾಡುವ ರಗಳೆಯಿಲ್ಲ. ಬಬಲ್ ಸಾರ್ಟ್ ಬರೆದು ‘ವ್ಯೂ’ ಮೆನುವಿನಲ್ಲಿ ‘ವೇರಿಯೇಬಲ್ಸ್’ ಆನ್ ಮಾಡಿ, ಕಂಟ್ರೋಲ್ ಎಫ್5 ಒತ್ತಿ, ಎಫ್6ರಲ್ಲಿ ಒಂದೊಂದೇ ಹೆಜ್ಜೆ ಮುಂದಿಡಿ. 8, 3, 5 ಇರುವ ಲಿಸ್ಟ್ ಮೊದಲು 3, 8, 5 ಆಗಿ, ಆಮೇಲೆ 3, 5, 8 ಆಗುವುದು ಬಲಗಡೆ ಕಣ್ಣಿಗೇ ಕಾಣುತ್ತದೆ. ಲೂಪ್ ಒಳಗೆ ಇಳಿಯಬೇಕಾದಾಗ ಎಫ್6 ಬದಲು ಎಫ್7. ಫಂಕ್ಷನ್ ಕರೆದಾಗ ಅದಕ್ಕೆ ಬೇರೆಯೇ ಕಿಟಕಿ ತೆರೆಯುವುದರಿಂದ ಲೋಕಲ್ ವೇರಿಯೇಬಲ್ ಎಂದರೇನು ಎಂದು ಬಾಯಿಪಾಠ ಮಾಡಬೇಕಿಲ್ಲ. ಮುಚ್ಚದ ಬ್ರಾಕೆಟ್, ಮುಚ್ಚದ ಕೊಟೇಶನ್ ಇದ್ದರೆ ಹಿನ್ನೆಲೆಗೆ ಬಣ್ಣ ಬಳಿದು ತೋರಿಸುತ್ತದೆ.

ಇಷ್ಟಾದರೂ ಐಡಲ್ ಏಕೆ ಬೇಕು? ಪೈಥಾನ್ ಜೊತೆಗೇ ಬರುವುದರಿಂದ ಯಾವ ಲ್ಯಾಬ್‌ನಲ್ಲೂ ಸಿಗುವುದು ಅದೇ. ಸಾಲಿನ ನಂಬರ್ ತಾನಾಗಿ ಕಾಣದು, ‘ಆಪ್ಷನ್ಸ್’ನಲ್ಲಿ ‘ಶೋ ಲೈನ್ ನಂಬರ್ಸ್’ ಕೊಡಬೇಕು. ಪ್ರೋಗ್ರಾಂ ಬರೆಯುವುದು ಶೆಲ್‌ನಲ್ಲಲ್ಲ, ‘ನ್ಯೂ ಫೈಲ್’ನಲ್ಲಿ. ಮತ್ತೆ, ನಿಮ್ಮ ಫೈಲಿಗೆ ರ‍್ಯಾಂಡಮ್, ಪಿಕಲ್, ಸಿಎಸ್‌ವಿ ಎಂಬ ಹೆಸರಿಡಬೇಡಿ. ಇಂಪೋರ್ಟ್ ಮಾಡಿದಾಗ ಅಸಲಿ ಮಾಡ್ಯೂಲ್ ಬದಲು ನಿಮ್ಮ ಫೈಲೇ ಬಂದು ಕೂರುತ್ತದೆ. ಐಡಲ್‌ನಲ್ಲಂತೂ ರ‍್ಯಾಂಡಮ್ ಹೆಸರಿನ ಫೈಲ್ ಇದ್ದರೆ ಕೆಲವೊಮ್ಮೆ ಹಿನ್ನೆಲೆಯಲ್ಲಿ ಪ್ರೋಗ್ರಾಂ ಓಡಿಸುವ ಸಬ್‌ಪ್ರೊಸೆಸ್ ಜೊತೆ ಸಂಪರ್ಕ ಸಿಗದೆ ಶೆಲ್ಲೇ ಓಡುವುದಿಲ್ಲ. ಮರುಇನ್‌ಸ್ಟಾಲ್ ಮಾಡಿದರೂ ಸರಿಹೋಗದು, ಹೆಸರು ಬದಲಿಸಿದರೆ ಸರಿ.

ಮನೆಯದು ವಿಂಡೋಸ್ 7 ಆಗಿದ್ದರೆ ಪೈಥಾನ್ 3.8ಕ್ಕಿಂತ ಹೊಸದು ಹಾಕಲು ಹೋಗಬೇಡಿ, 3.9ರಿಂದ ಅದಕ್ಕೆ ಬೆಂಬಲವಿಲ್ಲ. ಪಿಯುಸಿ ಪಠ್ಯಕ್ಕೆ 3.8 ಧಾರಾಳ.

ಮೊಬೈಲ್ ಒಂದೇ ಇರುವವರಿಗೆ ಪೈಡ್ರಾಯ್ಡ್ 3 ಇದೆ, ಇಂಟರ್‌ನೆಟ್ ಇಲ್ಲದೆಯೂ ಓಡುತ್ತದೆ. ಸಣ್ಣ ಪ್ರೋಗ್ರಾಂಗೆ ಸಾಕು. ವಾಟ್ಸ್ಆ್ಯಪ್ ಅಥವಾ ಪಿಡಿಎಫ್‌ನಿಂದ ಕಾಪಿ ಮಾಡಿದ್ದು ಓಡದಿದ್ದರೆ ಮೊದಲು ಕೊಟೇಶನ್ ನೋಡಿ: ಬಾಗಿದ ಕೊಟೇಶನ್ ಇದ್ದರೆ ‘ಇನ್‌ವ್ಯಾಲಿಡ್ ಕ್ಯಾರೆಕ್ಟರ್’ ಬರುತ್ತದೆ.

ಡೇಟಾಬೇಸ್ ಭಾಗದ ಎಸ್‌ಕ್ಯೂಎಲ್‌ಗೆ?

ಪೈಥಾನ್ ಜೊತೆಗೇ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್ ಬರುವುದರಿಂದ ಅದೇ ಸಾಕೆನಿಸಬಹುದು. ಸಾಲದು. ಪಠ್ಯದಲ್ಲಿರುವುದು ಮೈಎಸ್‌ಕ್ಯೂಎಲ್. ಎಸ್‌ಕ್ಯೂಲೈಟ್‌ನಲ್ಲಿ ‘ಶೋ ಟೇಬಲ್ಸ್’, ‘ಡಿಸ್ಕ್ರೈಬ್’, ‘ಮಂಥ್‌ನೇಮ್’, ‘ಯುಕೇಸ್’ ಯಾವುದೂ ನಡೆಯದು. ಇಂಟಿಜರ್ ಕಾಲಂಗೆ ಹೆಸರು ಹಾಕಿದರೂ ತೆಪ್ಪಗೆ ಒಪ್ಪಿಕೊಳ್ಳುತ್ತದೆ, ಫಾರಿನ್ ಕೀಯನ್ನು ನಾವಾಗಿ ಆನ್ ಮಾಡದಿದ್ದರೆ ಲೆಕ್ಕಿಸುವುದೇ ಇಲ್ಲ. ಮೈಎಸ್‌ಕ್ಯೂಎಲ್ ಇನ್‌ಸ್ಟಾಲರ್ ಭಾರವೆನಿಸಿದರೆ ಎಕ್ಸ್‌ಎಎಂಪಿಪಿ (XAMPP) ಹಾಕಿ. ಅದರಲ್ಲಿ ಬರುವ, ಮೈಎಸ್‌ಕ್ಯೂಎಲ್‌ನಂಥದ್ದೇ ಡೇಟಾಬೇಸ್ ಆದ ಮಾರಿಯಾಡಿಬಿ ಪಿಯುಸಿ ಮಟ್ಟದ ಕಮಾಂಡ್‌ಗಳಿಗೆಲ್ಲ ಅದೇ ಉತ್ತರ ಕೊಡುತ್ತದೆ, ರೂಟ್‌ಗೆ ಪಾಸ್‌ವರ್ಡ್ ಕೂಡ ಇರುವುದಿಲ್ಲ. ಎರಡನ್ನೂ ಒಟ್ಟಿಗೆ ಹಾಕಿದರೆ ಇಬ್ಬರೂ 3306 ಪೋರ್ಟ್‌ಗೇ ಜಗಳವಾಡುತ್ತಾರೆ, ತಡವಾಗಿ ಬಂದದ್ದು ಸ್ಟಾರ್ಟ್ ಆಗುವುದಿಲ್ಲ.