ಜಡ್‌ಓಎಸ್ ಶೆಲ್: ಪಾತ್ ಸೇರಿಸೋದು ನಿಮ್ಮ ಪ್ರೊಫೈಲ್‌ನಲ್ಲೋ, ಎಲ್ಲರ ಪ್ರೊಫೈಲ್‌ನಲ್ಲೋ?

ಐಬಿಎಂ ಮೇನ್‌ಫ್ರೇಮ್‌ನ ಆಪರೇಟಿಂಗ್ ಸಿಸ್ಟಂ ಜಡ್‌ಓಎಸ್‌ನಲ್ಲಿ ಓಎಂವಿಎಸ್‌ಗೆ, ಅಂದರೆ ಅದರ ಯುನಿಕ್ಸ್ ಶೆಲ್‌ಗೆ (ಕಮಾಂಡ್ ಕೊಡುವ ಜಾಗ) ಹೋಗಿ ಪೈಥಾನ್ ಕಮಾಂಡ್ ಕೊಟ್ಟರೆ ಎಫ್‌ಎಸ್‌ಯುಎಂ7351, 'ನಾಟ್ ಫೌಂಡ್' ಅಂತ ಬರುತ್ತಾ? ಪ್ರೋಗ್ರಾಂ ಇರುವ ಪೂರ್ತಿ ವಿಳಾಸ ಕೊಟ್ಟು ಓಡಿಸಿ ನೋಡಿ. ಓಡಿದರೆ ಸಾಫ್ಟ್‌ವೇರ್ ಇದೆ, ಶೆಲ್ ಕಮಾಂಡ್ ಹುಡುಕುವ ಡೈರೆಕ್ಟರಿಗಳ ಪಟ್ಟಿಯಲ್ಲಿ, ಅಂದರೆ ಪಾತ್‌ನಲ್ಲಿ, ಅದರ ಡೈರೆಕ್ಟರಿ ಇಲ್ಲ, ಅಷ್ಟೇ. ಅದನ್ನು ಸೇರಿಸೋಕೆ ಎರಡು ಫೈಲುಗಳಿವೆ.

ಹೋಮ್ ಡೈರೆಕ್ಟರಿಯ ಡಾಟ್ ಪ್ರೊಫೈಲ್ (.profile, ಲಾಗಿನ್ ಆದಾಗ ಓಡುವ ನಿಮ್ಮ ಸೆಟ್ಟಿಂಗ್ ಫೈಲ್) ತಿದ್ದೋಕೆ ಯಾರ ಅನುಮತಿಯೂ ಬೇಡ. ಕೆಟ್ಟರೆ ನಿಮ್ಮದೊಂದೇ ಲಾಗಿನ್ ಕೆಡುತ್ತದೆ. ಆದರೆ ಹಳೆಯ ಪಾತ್ ಉಳಿಸಿಕೊಳ್ಳದೆ ಹೊಸ ಡೈರೆಕ್ಟರಿಯನ್ನಷ್ಟೇ ಬರೆದರೆ ಫೈಲ್ ಪಟ್ಟಿ ತೋರಿಸುವ ಎಲ್ಎಸ್ ಕೂಡ ಸಿಗಲ್ಲ! ಆಗ ಗಾಬರಿ ಬೇಡ. ಎಕ್ಸ್‌ಪೋರ್ಟ್ ಶೆಲ್‌ನೊಳಗಿನದೇ ಕಮಾಂಡ್, ಅದಕ್ಕೆ ಪಾತ್ ಬೇಕಿಲ್ಲ. ಅದರಿಂದ ಎಲ್ಎಸ್‌ನಂಥ ಕಮಾಂಡ್‌ಗಳಿರುವ ಬಿನ್ ಡೈರೆಕ್ಟರಿಯನ್ನು ಪಾತ್‌ಗೆ ಸೇರಿಸಿ, ಆಮೇಲೆ ಫೈಲ್ ತಿದ್ದಿ.

ಇಟಿಸಿ ಪ್ರೊಫೈಲ್ (/etc/profile) ಎಲ್ಲರದು. ತಿದ್ದೋಕೆ ಸಾಮಾನ್ಯವಾಗಿ ಸಿಸ್ಟಂ ಪ್ರೋಗ್ರಾಮರ್ ಬೇಕು. ತಂಡಕ್ಕೆಲ್ಲ ಬೇಕಾದ ಟೂಲ್ ಆದರೆ ಕಾದರೂ ಪರವಾಗಿಲ್ಲ, ಇದೇ ಸರಿ. ನಲವತ್ತು ಜನ ನಲವತ್ತು ಥರ ಬರೆದುಕೊಳ್ಳೋದು ಯಾಕೆ? ಒಂದು ತಕರಾರು ಮಾತ್ರ ಇದೆ. ಲಾಗಿನ್‌ನಲ್ಲಿ ಮೊದಲು ಇದು ಓಡುತ್ತದೆ, ಆಮೇಲೆ ಡಾಟ್ ಪ್ರೊಫೈಲ್. ಹಾಗಾಗಿ ಕೊನೆಯ ಮಾತು ಡಾಟ್ ಪ್ರೊಫೈಲ್‌ದೇ. "ಎಲ್ಲರಿಗೂ ಬರುತ್ತೆ, ನನಗೆ ಮಾತ್ರ ಬರಲ್ಲ" ಅನ್ನೋರ ಹೋಮ್ ಫೈಲ್ ಮೊದಲು ನೋಡಿ.

ಟಿಸಿಶೆಲ್ (tcsh) ಎಂಬ ಇನ್ನೊಂದು ಶೆಲ್ ಬಳಸುವವರಿಗೆ ಇವೆರಡೂ ಲೆಕ್ಕಕ್ಕಿಲ್ಲ, ಅದರ ಫೈಲುಗಳೇ ಬೇರೆ. ಬ್ಯಾಚ್ ಜಾಬ್‌ನಲ್ಲಿ ಯುನಿಕ್ಸ್ ಕಮಾಂಡ್ ಓಡಿಸುವ ಬಿಪಿಎಕ್ಸ್‌ಬ್ಯಾಚ್ ಪ್ರೋಗ್ರಾಂಗೆ ಎಸ್‌ಎಚ್ (ಶೆಲ್ ಮೂಲಕ ಓಡಿಸು) ಕೊಟ್ಟರೆ ಲಾಗಿನ್ ಶೆಲ್ ಬರುತ್ತದೆ, ಎರಡೂ ಪ್ರೊಫೈಲ್ ಓಡುತ್ತವೆ. ಪಿಜಿಎಂ (ಪ್ರೋಗ್ರಾಂ ನೇರವಾಗಿ ಓಡಿಸು) ಕೊಟ್ಟರೆ ಒಂದೂ ಓಡಲ್ಲ. ಅಲ್ಲಿ ಪಾತ್ ಅನ್ನು ಎಸ್‌ಟಿಡಿಇಎನ್‌ವಿ ಡಿಡಿಯಲ್ಲೇ (ಜಾಬ್‌ಗೆ ಇಂಥ ಸೆಟ್ಟಿಂಗ್ ಕೊಡುವ ಸಾಲು) ಕೊಡಬೇಕು.